ನಳಿಗೆಯಡಿಯ ಎರಡಕ್ಷರ

ಚುನಾವಣೆ ಘೋಷಣೆಯಾಯಿತೆಂದರೆ ಶಿರಾ ಸೀಮೆಯ ಬುಕ್ಕಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಗೋಡೆಯ ಗೂಟದಿಂದ ಕೋವಿಗಳು ಕೆಳಗಿಳಿಯುತ್ತವೆ. ಲೈಸೆನ್ಸ್ ಇರುವವರು ಅವನ್ನು ಠಾಣೆಗೆ ಒಯ್ದು ಒಪ್ಪಿಸಿ, ರಸೀದಿ ಪಡೆದು, ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅಂಥ ಒಂದು ಮಧ್ಯಾಹ್ನ ನಾನೊಂದು ಹಳೆಯ ತೊಟ್ಟಿಮನೆಯ ಜಗಲಿಯ ಮೇಲೆ ಕೂತಿದ್ದೆ. ಮನೆಯ ಹಿರಿಯರು ನೆಲದ ಮೇಲೆ ಕಂಬಳಿ ಹಾಸಿ, ಹರಕು ಪಂಚೆಯಲ್ಲಿ ಸುತ್ತಿಟ್ಟಿದ್ದ ಜೋಡುನಳಿಗೆ ಕೋವಿಯನ್ನು ಬಿಚ್ಚಿದರು. ಠಾಣೆಗೆ ಕೊಡುವ ಮೊದಲು ಎಣ್ಣೆ ಹಚ್ಚುವುದು ಅವರ ಪದ್ಧತಿ. ಅಲ್ಲಿ ಮೂಲೆಯಲ್ಲಿ ನಿಂತು ತುಕ್ಕು ಹಿಡಿದರೆ ಕೇಳುವವರಿಲ್ಲವಲ್ಲ.

‘ನಮ್ಮ ತಾತನ ಕಾಲದ್ದು ಕಣಪ್ಪ. ಇಂಗ್ಲೆಂಡ್ ಮಾಲು. ಹೆಸರು ಏನೋ ಇತ್ತು, ಉಜ್ಜಿ ಉಜ್ಜಿ ಹೋಗೈತೆ.’

ನಿಜ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಒಂದು ಕಾಲಕ್ಕೆ ತಯಾರಕನ ಹೆಸರು, ಬೀದಿಯ ವಿಳಾಸ ಇದ್ದಿರಬೇಕು. ಈಗ ಒಂದೆರಡು ಗೀರು ಮಾತ್ರ. ಹೊರಗೆ ಕೇಪಿಗೆ ಬಡಿಯುವ ಎರಡು ಕುದುರೆಗಳು, ಬಾಗಿದ ಕತ್ತಿನವು. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಸುರುಳಿ ನಕ್ಷೆ. ಹಿರಿಯರು ಮುಂದಿನ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ ಬೋರಲು ಮಾಡಿದರು. ಬುಡದ ಚಪ್ಪಟೆ ಭಾಗದಲ್ಲಿ ಯಾರ ಉಜ್ಜಾಟವೂ ತಾಗದೆ ಉಳಿದ ಪುಟಾಣಿ ಮುದ್ರೆಗಳಿದ್ದವು. ಅಡ್ಡ ಹಾಕಿದ ಎರಡು ರಾಜದಂಡ, ಮೇಲೊಂದು ಕಿರೀಟ, ಸಂದಿನಲ್ಲಿ ಬಿ, ಪಿ, ಸಿ ಎಂಬ ಅಕ್ಷರಗಳು. ಪಕ್ಕದಲ್ಲಿ ‘ನಾಟ್ ಫಾರ್ ಬಾಲ್’ ಎಂಬ ಮೂರು ಪದ. ಇನ್ನೂ ಕೆಳಗೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಎರಡು ಅಕ್ಷರ. ಅದು ಕಂಪನಿಯ ಹೆಸರಲ್ಲ, ನಳಿಗೆಯನ್ನು ಬಡಿದು ಮಾಡಿದ ಕೆಲಸಗಾರ ಒತ್ತಿದ ತನ್ನ ಗುರುತು.

ಕಿರೀಟ, ರಾಜದಂಡಗಳ ಆ ಮುದ್ರೆ ಬರ್ಮಿಂಗ್‌ಹ್ಯಾಮ್ ನಗರದ ಪರೀಕ್ಷಾಗೃಹದ್ದು. ‘ನಾಟ್ ಫಾರ್ ಬಾಲ್’ ಎಂದು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ. ಚರೆ ಗುಂಪಾಗಿ ಹೋಗಲೆಂದು ಬಾಯಿ ಕಿರಿದು ಮಾಡಿದ ನಳಿಗೆಗಳ ಮೇಲೆ, ಇದರಲ್ಲಿ ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. ಹಾಗಾಗಿ ಹಿರಿಯರ ಕೋವಿಯ ವಯಸ್ಸು ಲೆಕ್ಕಕ್ಕೆ ಸಿಕ್ಕಿತು. ಲೈಸೆನ್ಸ್ ಪುಸ್ತಕದಲ್ಲಿ ಮಾತ್ರ ಅದು ಬರೀ ‘ಡಿಬಿಬಿಎಲ್, 12 ಬೋರ್’. ನೂರ ಮೂವತ್ತು ವರ್ಷಕ್ಕೂ ಮಿಕ್ಕ ಚರಿತ್ರೆಯನ್ನು ಸರ್ಕಾರಿ ಪುಸ್ತಕ ನಾಲ್ಕು ಅಕ್ಷರದಲ್ಲಿ ಮುಗಿಸಿಬಿಟ್ಟಿದೆ.

ಆ ಎರಡಕ್ಷರ ನನ್ನನ್ನು ಬಿಡಲಿಲ್ಲ. ಬ್ರಿಟನ್ನಿನ ಶಾಟ್‌ಗನ್ ಎಂದರೆ ಜಗತ್ತಿನ ಕುಶಲಕರ್ಮದ ಶಿಖರಗಳಲ್ಲೊಂದು. ಅದರ ಕಥೆಯನ್ನು ಹೇಳುವವರೆಲ್ಲ ಮೇಲಿನ ಪಟ್ಟಿಯ ಮೇಲಿರುವ ದೊಡ್ಡ ಹೆಸರುಗಳಿಂದಲೇ ಹೇಳುತ್ತಾರೆ. ಕೆಳಗಿನ ಅಕ್ಷರಗಳಿಂದ ಹೇಳಿದರೆ ಆ ಕಥೆ ಲಂಡನ್ನಿನಿಂದ ಹೊರಟು ಮಧುಗಿರಿಯ ಬೆಟ್ಟದ ಬುಡಕ್ಕೂ ಬರುತ್ತದೆ.

ಮೊದಲು ವಸ್ತುವಿನ ಪರಿಚಯವಾಗಲಿ. ರೈಫಲ್ಲಿನ ನಳಿಗೆಯೊಳಗೆ ತಿರುಚುಗೆರೆಗಳಿರುತ್ತವೆ. ಅದು ಒಂದೇ ಗುಂಡನ್ನು ದೂರಕ್ಕೆ ಗುರಿಯಿಟ್ಟು ಕಳಿಸುತ್ತದೆ. ಶಾಟ್‌ಗನ್ನಿನ ಒಳಮೈ ನುಣುಪು. ಅದು ಕಾಳಿನಂಥ ಸೀಸದ ಚರೆಗಳನ್ನು ಎರಚುತ್ತದೆ. ಹಾರುವ ಹಕ್ಕಿಗೆಂದೇ ಹುಟ್ಟಿದ ಆಯುಧ ಅದು. ನಮ್ಮ ಸೀಮೆಯಲ್ಲಿ ಕೌಜುಗ, ಬುರ್ಲಿ, ಕೆರೆಯಂಗಳದ ಬಾತು ಇವುಗಳ ಬೆನ್ನು ಹತ್ತಿದ್ದು ಅದೇ. ಬೋರ್ ಎಂಬ ಅಳತೆಯ ಹಿಂದೆ ಹಳೆಯ ಲೆಕ್ಕವಿದೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡು ಸರಿಯಾಗಿ ತೂರುವಷ್ಟು ಅಗಲದ ನಳಿಗೆ 12 ಬೋರ್. ಸುಮಾರು 18.5 ಮಿಲಿಮೀಟರ್. ಆದ್ದರಿಂದಲೇ ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಪುರ.

ಕಥೆಯ ಮೊದಲ ದೊಡ್ಡ ಹೆಸರು ಜೋಸೆಫ್ ಮ್ಯಾಂಟನ್. 1766ರಲ್ಲಿ ಹುಟ್ಟಿದವನು. ಅಣ್ಣ ಜಾನ್ ಕೂಡ ಲಂಡನ್ನಿನ ಹೆಸರಾಂತ ಕೋವಿಗಾರ. 1787ರಲ್ಲಿ ಹೆನ್ರಿ ನಾಕ್ ಎಂಬವನು ಮದ್ದು ಬೇಗ ಹೊತ್ತಿಕೊಳ್ಳುವಂತೆ ನಳಿಗೆಯ ಬುಡವನ್ನು ಹೊಸದಾಗಿ ರೂಪಿಸಿ ಪೇಟೆಂಟ್ ಪಡೆದಿದ್ದ. ಇದರಿಂದ ಉದ್ದದ ನಳಿಗೆಯ ಅಗತ್ಯ ತಪ್ಪಿತು. ನಳಿಗೆ ಗಿಡ್ಡವಾದ್ದರಿಂದ ಎರಡನ್ನು ಪಕ್ಕಪಕ್ಕ ಕೂಡಿಸಿದರೂ ಕೈಗೆ ಭಾರವಾಗುತ್ತಿರಲಿಲ್ಲ. ಈ ಜೋಡುನಳಿಗೆಗೆ ಇಂದಿಗೂ ನಾವು ಕಾಣುವ ಚೆಲುವನ್ನು ಕೊಟ್ಟವನು ಜೋಸೆಫ್. ನಳಿಗೆಗಳ ನಡುವೆ ಎತ್ತರಿಸಿದ ಪಟ್ಟಿಗೆ ಅವನ ಪೇಟೆಂಟ್ 1806ರದ್ದು. ಬೇಡದ ತೂಕವನ್ನೆಲ್ಲ ಅರದಿಂದ ತೆಗೆದ, ಬೇಡದ ಅಲಂಕಾರವನ್ನೂ ತೆಗೆದ. ಭುಜಕ್ಕೆ ಏರಿಸಿದಾಗ ಕಣ್ಣು ತಾನಾಗಿಯೇ ಗುರಿಯ ಸಾಲಿಗೆ ಬರಬೇಕು, ಅದಷ್ಟೇ ಅವನ ಗುರಿ.

ಇಷ್ಟು ಮಾಡಿದವನು 1826ರಲ್ಲಿ ದಿವಾಳಿಯಾದ. ಪೇಟೆಂಟ್ ವ್ಯಾಜ್ಯಗಳು ಅವನನ್ನು ತಿಂದುಹಾಕಿದವು. ಅವನ ಆಕ್ಸ್‌ಫರ್ಡ್ ಸ್ಟ್ರೀಟಿನ ಮಳಿಗೆಗೆ ಬಂದು ಕೂತವನು ಅವನಲ್ಲೇ ಕೆಲಸ ಮಾಡಿದ್ದ ಜೇಮ್ಸ್ ಪರ್ಡಿ. ಪರ್ಡಿ 1814ರಲ್ಲೇ ಸ್ವಂತ ಅಂಗಡಿ ತೆರೆದಿದ್ದ. ಥಾಮಸ್ ಬಾಸ್, ವಿಲಿಯಂ ಗ್ರೀನರ್ ಕೂಡ ಮ್ಯಾಂಟನ್ನನ ಗರಡಿಯವರು. ಚಾರ್ಲ್ಸ್ ಲ್ಯಾಂಕಾಸ್ಟರ್ ಅವನಿಗೆ ನಳಿಗೆ ಮಾಡಿಕೊಡುತ್ತಿದ್ದ. ನಮ್ಮಲ್ಲಿ ಒಬ್ಬ ವೀಣೆ ಗುರುವಿನ ಮನೆಯಿಂದ ಇಡೀ ಬಾನಿಯೇ ಹೊರಡುವಂತೆ, ಬ್ರಿಟನ್ನಿನ ಕೋವಿಯ ಬಾನಿ ಒಂದೇ ಮಳಿಗೆಯಿಂದ ಹೊರಟಿತು.

ಮ್ಯಾಂಟನ್ನನ ಕಾಲದ ಕೋವಿಗೆ ಚಕಮಕಿ ಕಲ್ಲಿನ ಕಿಡಿಯೇ ಪ್ರಾಣ. ಕುದುರೆ ಬಿದ್ದು, ಬಟ್ಟಲಿನ ಮದ್ದು ಭಗ್ಗೆಂದು, ಆಮೇಲೆ ಈಡು. ಆ ಭಗ್ಗೆನ್ನುವ ಕ್ಷಣದಲ್ಲೇ ನೀರ ಮೇಲಿನ ಹಕ್ಕಿ ಮುಳುಗಿಬಿಡುತ್ತಿತ್ತು. ಇದರಿಂದ ಬೇಸತ್ತವನು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದಲೇ ಮದ್ದಿಗೆ ಬೆಂಕಿ ಕೊಡುವ ಉಪಾಯಕ್ಕೆ 1807ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದು ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ನಮ್ಮ ಕಡೆ ಇಂದಿಗೂ ಬಾಯಲ್ಲಿರುವ ‘ಕೇಪಿನ ಕೋವಿ’ ಆ ಪಾದ್ರಿಯ ಮೊಮ್ಮಗು.

ಇನ್ನು ನಳಿಗೆ. ಕೋವಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ ಇದೇ.

ಹಿರಿಯರ ಕೋವಿಯ ಮೇಲಿದ್ದ ಸುರುಳಿ ನಕ್ಷೆ ಕೆತ್ತಿದ್ದಲ್ಲ, ಬಳಿದದ್ದಲ್ಲ. ಅದು ಲೋಹದ ಒಡಲಿನದೇ. ಬರ್ಮಿಂಗ್‌ಹ್ಯಾಮಿನ ಕುಲುಮೆಗಳಲ್ಲಿ ಮೆದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬೆಸೆದು, ಚೌಕನೆಯ ಸಣ್ಣ ಸರಳುಗಳಾಗಿ ಎಳೆಯುತ್ತಿದ್ದರು. ಆ ಸರಳನ್ನು ಕೆಂಪಗೆ ಕಾಯಿಸಿ ಹಗ್ಗ ಹೊಸೆಯುವಂತೆ ಹೊಸೆಯುತ್ತಿದ್ದರು. ಹೊಸೆದ ಎರಡು ಮೂರು ಸರಳುಗಳನ್ನು ಜೊತೆಗೂಡಿಸಿ ಬೆಸೆದರೆ ಒಂದು ಪಟ್ಟಿ. ಅದನ್ನು ಸರಳೊಂದರ ಸುತ್ತ ಬಳ್ಳಿ ಸುತ್ತಿದಂತೆ ಸುತ್ತಿ, ಮತ್ತೆ ಕಾಯಿಸಿ, ಸುತ್ತು ಸುತ್ತಿನ ಅಂಚುಗಳು ಒಂದಾಗುವವರೆಗೆ ಬಡಿಯುತ್ತಿದ್ದರು. ಒಂದು ಸುತ್ತಿನ ಬೆಸುಗೆ ಕೈಕೊಟ್ಟರೂ ಕೋವಿ ಹಾರಿಸುವವನ ಎಡಗೈ ಹೋಗುತ್ತದೆ. ಕೊನೆಗೆ ಕೊರೆದು, ಉಜ್ಜಿ, ಹುಳಿಯ ದ್ರಾವಣ ಹಚ್ಚಿದಾಗ ಕಬ್ಬಿಣ ಕಪ್ಪಾಗಿ, ಉಕ್ಕು ಬೆಳ್ಳಗಾಗಿ ಆ ಹೊಸೆತವೆಲ್ಲ ಮೇಲೆದ್ದು ಕಾಣುತ್ತದೆ. ಕುದುರೆಯ ಲಾಳದ ಹಳೆಯ ಮೊಳೆಗಳನ್ನೇ ಕೂಡಿಸಿ ಬೆಸೆದ ನಳಿಗೆಗಳಿಗೂ ಒಂದು ಕಾಲಕ್ಕೆ ಬಹಳ ಬೇಡಿಕೆಯಿತ್ತು. ಬೀದಿಯಲ್ಲಿ ತುಳಿದು ತುಳಿದು ಹದಗೊಂಡ ಕಬ್ಬಿಣ ಗಟ್ಟಿ ಎಂಬ ನಂಬಿಕೆ ಅದರ ಹಿಂದೆ.

ಈ ನಕ್ಷೆಗೆ ಇಂಗ್ಲಿಷರು ಇಟ್ಟ ಹೆಸರು ಡಮಾಸ್ಕಸ್. ತುರ್ಕಿಯ ಮತ್ತು ಪೂರ್ವದೇಶಗಳ ನಳಿಗೆಗಳನ್ನು ನೋಡಿ ಕಲಿತ ವಿದ್ಯೆ ಅದು. ಡಮಾಸ್ಕಸ್ ಎಂಬ ಹೆಸರಿನ ಕೀರ್ತಿ ಬಂದದ್ದು ಕತ್ತಿಗಳಿಂದ, ಆ ಕತ್ತಿಗಳ ಕೀರ್ತಿ ಬಂದದ್ದು ದಕ್ಷಿಣ ಭಾರತದ ಮೂಸೆ ಉಕ್ಕಿನಿಂದ. ಎರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕತ್ತಿಯ ಅಲೆನಕ್ಷೆ ಮೂಸೆಯೊಳಗೆ ಉಕ್ಕು ನಿಧಾನ ಆರುವಾಗ ತಾನಾಗಿ ಮೂಡಿದ್ದು. ನಳಿಗೆಯದು ಹೊಸೆದು ಮಾಡಿದ್ದು. ಆದರೆ ಹೊಸೆದು ಮಾಡಲು ಆಸೆ ಹುಟ್ಟಿಸಿದ್ದು ಆ ಮೊದಲಿನ ಅಲೆಯೇ.

ಆ ಉಕ್ಕು ನಮ್ಮ ಸೀಮೆಯದು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ. ಅಲ್ಲಿಂದ ಆ ಲೋಹದ ಹೆಸರು ಜಗತ್ತಿಗೆಲ್ಲ ‘ವೂಟ್ಸ್’. ಕನ್ನಡದ ‘ಉಕ್ಕು’ ಇಂಗ್ಲಿಷ್ ಕಿವಿಯಲ್ಲಿ, ಕೈಬರಹದಲ್ಲಿ ಜಾರಿ ಆದ ರೂಪವದು ಎಂಬುದು ಬಲ್ಲವರ ಮಾತು. ಮುಂದೆ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ, ಚಾಕುಚೂರಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಇದೇ ಉಕ್ಕಿನ ಗುಟ್ಟು ಬಿಡಿಸಲು ಕೂತ. 1820ರಲ್ಲಿ, 1822ರಲ್ಲಿ ಅವರ ಬರಹಗಳು ಹೊರಬಂದವು. ಬ್ರಿಟನ್ನಿನಲ್ಲಿ ಮಿಶ್ರ ಉಕ್ಕುಗಳ ಅಧ್ಯಯನ ಶುರುವಾದದ್ದೇ ಅಲ್ಲಿಂದ.

ಕಂಪನಿ ಸರ್ಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಶಿರಾ, ಮಧುಗಿರಿ, ಚನ್ನರಾಯನದುರ್ಗದ ಹಾದಿಯಲ್ಲಿ ಬಂದಾಗ ಇಲ್ಲಿನ ಕುಲುಮೆಗಳು ಇನ್ನೂ ಹೊಗೆಯಾಡುತ್ತಿದ್ದವು. ಮಳೆನೀರು ಬೆಟ್ಟದಿಂದ ಕೊಚ್ಚಿ ತಂದ ಕಪ್ಪು ಮರಳನ್ನು ತೊಳೆದು, ಇದ್ದಿಲಿನೊಂದಿಗೆ ಕುಲುಮೆಗೆ ಸುರಿದು, ತಿದಿ ಒತ್ತಿ ಕಬ್ಬಿಣ ತೆಗೆಯುವುದನ್ನು ಅವನು ಕಣ್ಣಾರೆ ಕಂಡು ಬರೆದ. ಆ ಕಬ್ಬಿಣದಿಂದ ಉಕ್ಕು ಮಾಡುವ ಒಲೆಗಳೂ ಇದ್ದವು. ಅವನು ಬರೆದಿಟ್ಟ ವಿಧಾನ ಹೀಗಿತ್ತು: ಹಸಿಮಣ್ಣಿನ ಪುಟ್ಟ ಮೂಸೆ, ಅದರೊಳಗೆ ಬೆಣೆಯಾಕಾರದ ಕಬ್ಬಿಣದ ತುಂಡು, ತೂಗಿ ಹಾಕಿದ ತಂಗಡಿ ಕಡ್ಡಿಯ ಚೂರು, ಮೇಲೆರಡು ಹಸಿರೆಲೆ, ಬಾಯಿಗೆ ಮಣ್ಣಿನ ಮೆತ್ತೆ. ಇಂಥ ಹಲವು ಮೂಸೆಗಳನ್ನು ಕಮಾನಿನಂತೆ ಜೋಡಿಸಿ ಗಂಟೆಗಟ್ಟಲೆ ಊದಿದರೆ ಒಳಗೆ ಉಕ್ಕಿನ ಗಟ್ಟಿ. ಈ ಸೀಮೆಯ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ ಹೋಗುತ್ತಿತ್ತು. ತಂಗಡಿ ಗಿಡ ಇವತ್ತೂ ಬುಕ್ಕಾಪಟ್ಟಣದ ಬದುಗಳ ಮೇಲೆ ಹಳದಿ ಹೂ ಬಿಟ್ಟು ನಿಂತಿದೆ. ಅದರ ಕಡ್ಡಿಯನ್ನು ಉಕ್ಕಿಗೆ ತೂಗಿ ಹಾಕುತ್ತಿದ್ದ ಕೈಗಳಲ್ಲಿ ಒಂದರ ಹೆಸರನ್ನೂ ಬುಕಾನನ್ ಬರೆದಿಡಲಿಲ್ಲ. ಎಷ್ಟು ತೂಕ, ಎಷ್ಟು ಹಣ, ಎಷ್ಟು ಆಳು ಎಂದು ಅಷ್ಟು ಶ್ರದ್ಧೆಯಿಂದ ಬರೆದವನಿಗೆ ಒಂದು ಹೆಸರು ಕೇಳಬೇಕೆನಿಸಲಿಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ.

ಹೆಸರು ಉಳಿದವರೂ ಇದ್ದಾರೆ. ಲಂಡನ್ನಿನಲ್ಲಿ ಮ್ಯಾಂಟನ್ ತನ್ನ ಮೊದಲ ಜೋಡುನಳಿಗೆಗಳನ್ನು ಮಾಡುತ್ತಿದ್ದ ದಶಕದಲ್ಲೇ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಬರೀ ಸೈನ್ಯದ ಬಂದೂಕಲ್ಲ, ಬೇಟೆಗೆ ತಕ್ಕ ನಾಜೂಕಿನ ಕೋವಿ. ಕುದುರೆಗೆ ಹುಲಿಯ ರೂಪ, ಬೆಳ್ಳಿಯ ಕಟ್ಟು, ಮೈಯೆಲ್ಲ ಹುಲಿಪಟ್ಟೆ, ಟಿಪ್ಪುವಿನದೇ ಮೌಲೂದಿ ಪಂಚಾಂಗದ ವರ್ಷ. ಜೊತೆಗೆ ಮಾಡಿದವನ ಹೆಸರು: ಸೈಯದ್ ಮಾಸೂಮ್, ಅಸದ್ ಖಾನ್ ಮಹಮ್ಮದ್. ದೊರೆಯ ಕೋವಿಯ ಮೇಲೆ ಕೆಲಸಗಾರನ ಹೆಸರು ಹೊರಗೇ ಕಾಣುವಂತಿತ್ತು. 1788ರಲ್ಲಿ ಹದಿನಾರನೆಯ ಲೂಯಿಯ ಬಳಿ ಹೋಗಿದ್ದ ಮೈಸೂರಿನ ರಾಯಭಾರಿಗಳು ಫ್ರಾನ್ಸಿನ ಕುಶಲಕರ್ಮಿಗಳನ್ನು ಕರೆತಂದಿದ್ದರು. ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲೂ ಕಾರ್ಖಾನೆಗಳಿದ್ದವು. ಶಿರಾ ಸೀಮೆಗೂ ಇದರಲ್ಲಿ ಪಾಲಿದೆ, ಆದರೆ ಅದು ಕಣ್ಣೀರಿನ ಪಾಲು. ಮೊಗಲರ ಸುಬಾ ಆಗಿ ಮೆರೆದಿದ್ದ ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದ ಸಂಗತಿ ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದಾದ ಮೇಲೆ ಶಿರಾ ಹಳೆಯ ಶಿರಾ ಆಗಲಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಗೆದ್ದವರು ಆಯುಧಶಾಲೆಯನ್ನು ಹಂಚಿಕೊಂಡರು. ಸೈಯದ್ ಮಾಸೂಮನಂಥವರ ಕೋವಿಗಳು ವಿಂಡ್ಸರ್ ಅರಮನೆಗೂ, ಸೇನಾಧಿಕಾರಿಗಳ ಹಳ್ಳಿಮನೆಗಳಿಗೂ, ಅಲ್ಲಿಂದ ಹರಾಜಿನ ಕಟ್ಟೆಗೂ ಹೋದವು. ಕೆಲಸ ಉಳಿಯಿತು, ಕೆಲಸದ ಪರಂಪರೆ ನಿಂತುಹೋಯಿತು. ನಂತರದ ನೂರು ವರ್ಷ ಮೈಸೂರು ಸೀಮೆಗೆ ಒಳ್ಳೆಯ ಕೋವಿ ಎಂದರೆ ಹಡಗಿನಲ್ಲಿ ಬಂದದ್ದೇ.

ಆ ನೂರು ವರ್ಷದಲ್ಲಿ ಬ್ರಿಟನ್ನಿನ ಕೋವಿ ಬಹಳ ಬದಲಾಯಿತು. ಫ್ರಾನ್ಸಿನ ಲೆಫೋಶೋ ಎಂಬವನು ನಳಿಗೆಯನ್ನು ಬುಡದಲ್ಲಿ ಮಡಿಸಿ ತೋಟಾ ತುಂಬುವ ಕೋವಿ ಮಾಡಿದ್ದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಇಂಗ್ಲಿಷರ ಕಣ್ಣಿಗೆ ಬಿತ್ತು. ಬಾಯಿಯಿಂದ ಮದ್ದು ಜಡಿಯುವ ಕಾಲ ಮುಗಿದು ತೋಟಾ ಕೋವಿಯ ಕಾಲ ಬಂತು. 1863ರಲ್ಲಿ ಪರ್ಡಿ ಮನೆತನದವರು ನಳಿಗೆಯನ್ನು ಬಿಗಿಹಿಡಿಯುವ ಜೋಡಿ ಚಿಲಕವನ್ನು ಕಂಡುಹಿಡಿದರು. ಅದನ್ನು ಇಂದಿಗೂ ಬಹಳ ಮಂದಿ ಬಳಸುತ್ತಾರೆ. 1874ರಲ್ಲಿ ಗ್ರೀನರನ ಮಗ ಡಬ್ಲ್ಯು. ಡಬ್ಲ್ಯು. ಗ್ರೀನರ್ ನಳಿಗೆಯ ಬಾಯಿ ಕಿರಿದು ಮಾಡುವ ಚೋಕ್ ವಿದ್ಯೆಯನ್ನು ಹದಕ್ಕೆ ತಂದ.

1875ರಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಬರ್ಮಿಂಗ್‌ಹ್ಯಾಮಿನ ವೆಸ್ಲಿ ರಿಚರ್ಡ್ಸ್ ಕಾರ್ಖಾನೆಯ ವಿಲಿಯಂ ಆನ್ಸನ್ ಮತ್ತು ಜಾನ್ ಡೀಲಿ ಕುದುರೆಗಳನ್ನು ಹೊರಗಿನಿಂದ ತೆಗೆದು ಕೋವಿಯ ಒಡಲೊಳಗೇ ಅಡಗಿಸಿದರು. ನಳಿಗೆ ಮಡಿಸಿದರೆ ಸಾಕು, ಒಳಗಿನ ಕುದುರೆ ತಾನಾಗಿ ಎದ್ದು ಕೂರುತ್ತದೆ. ಬಿಡಿಭಾಗಗಳು ಕಡಿಮೆ, ಬೆಲೆ ಕಡಿಮೆ, ಕೆಡುವುದೂ ಕಡಿಮೆ. ಜಗತ್ತಿನ ಎಷ್ಟೋ ಜೋಡುನಳಿಗೆಗಳು ಇವತ್ತಿಗೂ ಇದೇ ಬಗೆಯವು. ಆನ್ಸನ್ ಕಾರ್ಖಾನೆಯ ಮೇಸ್ತ್ರಿ. ಮಾಲೀಕನ ಹೆಸರಿನ ಬದಲು ದುಡಿದವರ ಹೆಸರೇ ವಸ್ತುವಿಗೆ ನಿಂತ ಅಪರೂಪದ ಉದಾಹರಣೆ ಇದು. ಫ್ರೆಡರಿಕ್ ಬೀಸ್ಲಿಗೆ ಆ ಭಾಗ್ಯ ಪೂರ್ತಿ ಸಿಗಲಿಲ್ಲ. ಅವನು 1880ರಲ್ಲಿ ರೂಪಿಸಿದ, ತಾನಾಗಿ ತೆರೆದುಕೊಳ್ಳುವ ಯಂತ್ರವನ್ನು ಪರ್ಡಿ ಕೊಂಡುಕೊಂಡಿತು. ಪರ್ಡಿ ಕೋವಿಯ ಜೀವಾಳ ಇಂದಿಗೂ ಅದೇ, ಮೇಲಿನ ಹೆಸರು ಮಾತ್ರ ಪರ್ಡಿ.

ಲಂಡನ್ನಿನ ಉತ್ತಮ ದರ್ಜೆಯ ಒಂದು ಕೋವಿಗೆ ಎಷ್ಟು ಕೈ ಬೇಕು? ನಳಿಗೆಯವನೊಬ್ಬ, ಒಡಲನ್ನು ಅರದಿಂದ ತೀಡುವವನೊಬ್ಬ, ಬೀಗದ ಭಾಗಗಳವನೊಬ್ಬ, ಮರದವನೊಬ್ಬ, ಕೆತ್ತನೆಯವನೊಬ್ಬ, ಕೊನೆಯ ಹದ ಕೊಡುವವನೊಬ್ಬ. ಒಬ್ಬೊಬ್ಬರೂ ಐದಾರು ವರ್ಷ ಗುರುವಿನ ಪಕ್ಕದಲ್ಲಿ ನಿಂತು ಕಲಿತವರು. ಬೀಗಗಳು ಬಹುಪಾಲು ವೂಲ್ವರ್‌ಹ್ಯಾಂಪ್ಟನ್ನಿನ ಬ್ರೇಜಿಯರ್‌ನಂಥವರಿಂದ ಬರುತ್ತಿದ್ದವು. ಲಂಡನ್ನಿನ ಹೆಸರು ಹೊತ್ತ ಎಷ್ಟೋ ಕೋವಿಗಳ ಅರೆಕೆಲಸ ಬರ್ಮಿಂಗ್‌ಹ್ಯಾಮಿನ ಸಂದಿಗಳಲ್ಲಿ ನಡೆದಿರುತ್ತಿತ್ತು.

ಎರಡು ಲೋಹದ ಭಾಗ ಕೂಡುವೆಡೆ ಸರಿಯಾಗಿದೆಯೇ ಎಂದು ನೋಡಲು ಅವರು ಬಳಸುವ ಅಳತೆಗೋಲು ಏನು ಗೊತ್ತೆ? ದೀಪದ ಕಾಡಿಗೆ. ಎಣ್ಣೆದೀಪದ ಹೊಗೆಗೆ ಒಂದು ಭಾಗವನ್ನು ಹಿಡಿದು, ಇನ್ನೊಂದಕ್ಕೆ ಒತ್ತಿ ತೆಗೆದರೆ ತಾಗುವ ಕಡೆ ಕಪ್ಪು ಹತ್ತುತ್ತದೆ. ಕಪ್ಪು ಹತ್ತಿದಲ್ಲಿ ಅರದಿಂದ ಒಂದು ಎಳೆ ತೆಗೆಯಬೇಕು. ಮತ್ತೆ ಕಾಡಿಗೆ, ಮತ್ತೆ ಒತ್ತು, ಮತ್ತೆ ಅರ. ಇಡೀ ಮೈಗೆ ಸಮನಾಗಿ ಕಪ್ಪು ಹತ್ತುವವರೆಗೆ ಇದೇ ಕೆಲಸ. ಮರವನ್ನು ಲೋಹಕ್ಕೆ ಕೂಡಿಸುವುದೂ ಹೀಗೆಯೇ. ತುರ್ಕಿ, ಫ್ರಾನ್ಸಿನ ಕಡೆಯ ಅಕ್ರೋಟ ಮರದ ಬುಡದ ಹಲಗೆಯನ್ನು ವರ್ಷಗಟ್ಟಲೆ ಒಣಗಿಸಿ, ಕೊಳ್ಳುವವನ ಕತ್ತು, ತೋಳು, ಕಣ್ಣಿನ ಅಳತೆಗೆ ತುಸು ಬಾಗಿಸಿ ಕೆತ್ತಿ, ಅಗಸೆ ಎಣ್ಣೆಯನ್ನು ಅಂಗೈಯಿಂದ ವಾರಗಟ್ಟಲೆ ಉಜ್ಜುತ್ತಾರೆ. ಒಂದು ಕೋವಿಗೆ ಒಟ್ಟು ಏಳುನೂರು ಗಂಟೆಗೂ ಮಿಕ್ಕಿ ಕೈಕೆಲಸ. ತೂಕ ಮೂರು ಕಿಲೊ ಆಸುಪಾಸು. ಚೆನ್ನಾಗಿ ತೂಗಿದ ಕೋವಿ ಕೈಯಲ್ಲಿ ಅದಕ್ಕಿಂತ ಹಗುರ ಅನಿಸುತ್ತದೆ. ತೂಕವೆಲ್ಲ ಎರಡು ಕೈಗಳ ನಡುವೆ ನಿಲ್ಲುವಂತೆ ತೀಡಿರುವುದೇ ಅದರ ಗುಟ್ಟು.

ಇಷ್ಟಾದ ಮೇಲೂ ಕೋವಿ ಮಾರಾಟಕ್ಕೆ ಹೋಗುವಂತಿಲ್ಲ. ಪರೀಕ್ಷಾಗೃಹದಲ್ಲಿ ಮಾಮೂಲಿಗಿಂತ ಬಹಳ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಬೇಕು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲೇ ರಾಜಶಾಸನ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರ ಕಾನೂನಿನಿಂದ ಬಂತು. ಸಿಡಿಯದೆ ಉಳಿದದ್ದಕ್ಕೆ ಮಾತ್ರ ಕಿರೀಟದ ಮುದ್ರೆ.

ಹೀಗೆ ಮುದ್ರೆ ಬಿದ್ದ ಕೋವಿಗಳು ನಮ್ಮ ದೇಶಕ್ಕೆ ಬಂದದ್ದು ದೊಡ್ಡ ಪೇಟೆಗಳ ಮೂಲಕ. ಮ್ಯಾಂಟನ್ ಮನೆತನದ ಫ್ರೆಡರಿಕ್ ಕಲ್ಕತ್ತೆಗೆ ಬಂದು ಅಂಗಡಿಯನ್ನೇ ಹಾಕಿದ. ಭಾರತದ ಕಾಡಿಗೆಂದೇ ಹುಟ್ಟಿದ ಕೋವಿಯೂ ಇದೆ. ಭಾರತದ ಸೇನೆಯಲ್ಲಿದ್ದ ಜಾರ್ಜ್ ಫಾಸ್ಬೆರಿ 1885ರಲ್ಲಿ ನಳಿಗೆಯ ಬಾಯಲ್ಲಿ ಮಾತ್ರ ತಿರುಚುಗೆರೆ ಕೊರೆದು, ಚರೆ ಮತ್ತು ಗುಂಡು ಎರಡನ್ನೂ ಹಾರಿಸುವ ಉಪಾಯ ಹೂಡಿದ. ಹಾಲಂಡ್ ಅಂಡ್ ಹಾಲಂಡ್ ಕಂಪನಿ ಅದನ್ನು ‘ಪ್ಯಾರಡಾಕ್ಸ್’ ಎಂದು ಮಾರಿತು. ಮೈಸೂರಿನ ಖೆಡ್ಡಾಕ್ಕೆ ಹೆಸರಾದ ಸ್ಯಾಂಡರ್ಸನ್ ಆನೆಗಳ ಎದುರು ಹಿಡಿದು ನಿಂತದ್ದು ಗ್ರೀನರ್ ಮಾಡಿದ 8 ಬೋರಿನ ಭಾರದ ಕೋವಿ. ಕೊಡಗಿನಲ್ಲಿ ಈ ಕೋವಿಗಳು ಮನೆಯ ಮಂದಿಯಂತೆ ಬೆರೆತುಹೋದವು. 1861ರಿಂದ ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ನಡೆದುಬಂದಿದೆ. ಆಯುಧಪೂಜೆಯ ಹಬ್ಬ ಕೈಲ್‌ಪೋದ್ ದಿನ ನಳಿಗೆಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ನಮ್ಮ ಬಯಲುಸೀಮೆಯಲ್ಲಿ ಕೋವಿಗೆ ಅಂಥ ಆಚಾರ ಬೆಳೆಯಲಿಲ್ಲ. ಇಲ್ಲಿ ಅದು ಪಟೇಲರ, ಜೋಡಿದಾರರ ಮನೆಯ ಗತ್ತಾಗಿ ಬಂದು, ಆಮೇಲೆ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸುವ ‘ಬೆಳೆ ರಕ್ಷಣೆ’ ಲೈಸೆನ್ಸಿನಲ್ಲಿ ಉಳಿಯಿತು.

ಕುಶಲತೆಯನ್ನು ಇಷ್ಟು ಹೊಗಳಿದ ಮೇಲೆ ಅದು ಮಾಡಿದ ಕೇಡನ್ನೂ ಹೇಳದಿದ್ದರೆ ನನ್ನ ಬರಹ ಸುಳ್ಳಾಗುತ್ತದೆ. ಕೋವಿ ಎಷ್ಟು ಚೆಲುವಾಯಿತೋ ಸಾವು ಅಷ್ಟು ಸಲೀಸಾಯಿತು. 1913ರ ಡಿಸೆಂಬರಿನ ಒಂದೇ ದಿನ ಇಂಗ್ಲೆಂಡಿನ ಹಾಲ್ ಬಾರ್ನ್ ಎಂಬಲ್ಲಿ ದೊರೆ ಐದನೆಯ ಜಾರ್ಜ್ ಮತ್ತು ಜೊತೆಗಾರರು 3,900ಕ್ಕೂ ಹೆಚ್ಚು ಫೆಸೆಂಟ್ ಹಕ್ಕಿಗಳನ್ನು ಕೊಂದರು. ರಿಪನ್ನಿನ ಎರಡನೆಯ ಮಾರ್ಕ್ವಿಸ್ ತನ್ನ ಜೀವಮಾನದಲ್ಲಿ ಕೊಂದ ಜೀವಗಳ ಲೆಕ್ಕ ಐದೂವರೆ ಲಕ್ಷ ದಾಟುತ್ತದೆ. ಅವನೇ ಬರೆದಿಟ್ಟ ಲೆಕ್ಕ. ನಮ್ಮಲ್ಲಿ ಕೆರೆಕೆರೆಯ ಬಾತು, ಬಯಲಿನ ಜಿಂಕೆ, ಕೌಜುಗಗಳಿಗೆ ಅಂಥ ಪುಸ್ತಕವನ್ನೂ ಯಾರೂ ಇಡಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬರುವ ಹೊತ್ತಿಗೆ ಬಯಲು ಬಹುಮಟ್ಟಿಗೆ ಬರಿದಾಗಿತ್ತು.

ಪೂರ್ತಿ ಬರಿದಾಗಿರಲಿಲ್ಲ ಎಂಬುದು ಬುಕ್ಕಾಪಟ್ಟಣದ ಹೆಮ್ಮೆ. ಇಲ್ಲಿನ ಕುರುಚಲು ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡದ ಕ್ಯಾಮೆರಾಗಳಿಗೆ ಚಿಂಕಾರ ಸಿಕ್ಕಿತು. ಹಳೆಯ ಪ್ರಾಣಿಶಾಸ್ತ್ರ ಗ್ರಂಥಗಳು ಬುದರಿ, ಮುದರಿ ಎಂದು ಅದರ ಕನ್ನಡ ಹೆಸರು ಕೊಟ್ಟಿವೆ. ಹೆಸರು ಊರವರ ನಾಲಿಗೆಯಿಂದ ಮಾಸಿದ್ದರೂ ಪ್ರಾಣಿ ಇಲ್ಲೇ ಉಳಿದಿತ್ತು. 2019ರಲ್ಲಿ ಸುಮಾರು 136 ಚದರ ಕಿಲೋಮೀಟರಿನ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ ಘೋಷಣೆಯಾಯಿತು. ಕೊಂಡುಕುರಿ, ಚಿರತೆಗಳೂ ಅಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿಗೆ 798 ಎಕರೆ ಮೀಸಲಿದೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆಮರದ ತುಂಬ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರೇ ಮನೆಮಕ್ಕಳಂತೆ ಕಾಯುತ್ತಾರೆ. ಹಕ್ಕಿ ಬೇಟೆಯ ಕೋವಿಗೆ ಈ ಸೀಮೆ ಕೊಟ್ಟ ಉತ್ತರ ಕಗ್ಗಲಡು. ನನಗೆ ಅದು ಯಾವ ಪರ್ಡಿಗಿಂತಲೂ ದೊಡ್ಡದು.

ಬ್ರಿಟನ್ನಿನಲ್ಲಿ ಈ ಕಸುಬು ಸತ್ತಿಲ್ಲ, ಸಣ್ಣದಾಗಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಹೊಸೆದ ನಳಿಗೆಯ ಕುಲುಮೆಗಳು ಬಹುಮಟ್ಟಿಗೆ ಆರಿದ್ದವು. ಪರ್ಡಿ 1994ರಲ್ಲಿ ಐಷಾರಾಮಿ ವಸ್ತುಗಳ ಒಂದು ದೊಡ್ಡ ಕೂಟದ ಕೈಗೆ ಹೋಯಿತು. ಹಾಲಂಡ್ ಅಂಡ್ ಹಾಲಂಡ್ 2021ರಲ್ಲಿ ಇಟಲಿಯ ಬೆರೆಟ್ಟಾ ಪಾಲಾಯಿತು. ವೆಸ್ಲಿ ರಿಚರ್ಡ್ಸ್ ಇನ್ನೂ ಬರ್ಮಿಂಗ್‌ಹ್ಯಾಮಿನಲ್ಲೇ ಇದೆ. ಅಲ್ಲಿ ಈಗಲೂ ಹುಡುಗರು, ಹುಡುಗಿಯರು ಕಾಡಿಗೆ ಹಿಡಿದ ಲೋಹವನ್ನು ಅರದಿಂದ ತೀಡುವುದನ್ನು ಕಲಿಯುತ್ತಿದ್ದಾರೆ. ಹಳೆಯ ಕೋವಿ ಯಾರ ಕೈಯಲ್ಲಿ ಆಯಿತು ಎಂದು ಕ್ರಮಸಂಖ್ಯೆಯಿಂದ ಹುಡುಕಿ ಹೇಳುವ ದಫ್ತರಗಳನ್ನು ಆ ಮನೆತನಗಳು ಕಾಪಾಡಿಕೊಂಡಿವೆ. ನಮ್ಮಲ್ಲಿ ಮಧುಗಿರಿಯ ಕುಲುಮೆಗಳ ಗುರುತಾಗಿ ಉಳಿದಿರುವುದು ಹೊಲಗಳಲ್ಲಿ ನೇಗಿಲಿಗೆ ಸಿಗುವ ಕಬ್ಬಿಣದ ಕಿಟ್ಟ. ಅದನ್ನೂ ಆರಿಸಿ ಬದುವಿಗೆ ಎಸೆಯುತ್ತೇವೆ.

ಹಿರಿಯರು ಎಣ್ಣೆ ಹಚ್ಚಿ ಮುಗಿಸಿ, ಕೋವಿಯನ್ನು ಮತ್ತೆ ಪಂಚೆಯಲ್ಲಿ ಸುತ್ತುವಾಗ ಕೇಳಿದೆ, ‘ತಾತ, ಈ ಅಕ್ಷರ ನೋಡಿದ್ರಾ ಯಾವತ್ತಾದರೂ?’

‘ಇಲ್ಲಪ್ಪ. ಅರವತ್ತು ವರ್ಷದಿಂದ ಒರೆಸ್ತಾ ಇದೀನಿ, ಕಂಡಿರಲಿಲ್ಲ. ಯಾರೋ ಪಾಪ, ಮಾಡಿದೋನು ಬರ್ಕೊಂಡವ್ನೆ’ ಎಂದರು. ಆಮೇಲೆ ಮೊಮ್ಮಗನನ್ನು ಕರೆದು ಆ ಎರಡಕ್ಷರವನ್ನು ಮೊಬೈಲಿನಲ್ಲಿ ಫೋಟೊ ತೆಗೆಸಿದರು.

ನಿಮ್ಮ ಮನೆಯಲ್ಲಿ ಹಿರಿಯರ ಕಾಲದ ಲೈಸೆನ್ಸ್ ಕೋವಿ ಇದ್ದರೆ ಇಷ್ಟು ಮಾಡಿ. ಮೈಮೇಲೆ ಸುರುಳಿ ನಕ್ಷೆಯಿದ್ದರೆ ಅದರಲ್ಲಿ ಇಂದಿನ ತೋಟಾ ಹಾಕಿ ಹಾರಿಸಬೇಡಿ, ಆ ಬೆಸುಗೆ ಇಂದಿನ ಮದ್ದನ್ನು ತಾಳದಿರಬಹುದು. ಲೈಸೆನ್ಸ್ ಸಾಕೆಂದು ಠಾಣೆಗೋ ಅಂಗಡಿಗೋ ಒಪ್ಪಿಸುವ ಮೊದಲು ನಳಿಗೆ ಕಳಚಿ, ಬುಡದ ಮುದ್ರೆಗಳನ್ನೂ ಅಕ್ಷರಗಳನ್ನೂ ಫೋಟೊ ತೆಗೆದು, ಯಾರು ಕೊಂಡರು, ಎಲ್ಲಿಂದ ಬಂತು ಎಂದು ಗೊತ್ತಿದ್ದಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊಲದಲ್ಲಿ ಕಿಟ್ಟದ ಗುಡ್ಡೆ ಕಂಡರೆ ಸರ್ವೆ ನಂಬರಿನೊಂದಿಗೆ ಅದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.